ಮನೆಗೆ ಕಳುಹಿಸಿದವರನ್ನು ಮರಳಿ ಕರೆದ ಕಥೆ: ಕೆನಡಾ ದೇಶದ ದಾದಿಯರು

ಪ್ರೌಢಶಾಲೆಯ ಸಮಾಜ ವಿಜ್ಞಾನದ ಪಾಠದಲ್ಲಿ ಕೆನಡಾ ದೇಶಕ್ಕೆ ದೊರೆಯುತ್ತಿದ್ದ ಸ್ಥಳ ಬಹಳ ಚಿಕ್ಕದು. ಪ್ರೈರೀ ಹುಲ್ಲುಗಾವಲು, ಗೋಧಿ, ಮರದ ತಿರುಳಿನಿಂದ ಮಾಡುವ ಕಾಗದ, ಐದು ಮಹಾ ಸರೋವರಗಳು. ಇಷ್ಟು ಹೇಳಿ, ನಕ್ಷೆಯಲ್ಲಿ ಗುರುತು ಮಾಡಿಸಿದರೆ ಪಾಠ ಮುಗಿಯುತ್ತಿತ್ತು. ಇಂದು ನನ್ನ ಬಳಿ ಕಲಿತವರಲ್ಲಿಯೂ ಬಂಧುಗಳ ಮಕ್ಕಳಲ್ಲಿಯೂ ಕೆಲವರು ಆ ದೇಶದಲ್ಲಿಯೇ ನೆಲೆಸಿದ್ದಾರೆ. ಅವರಲ್ಲಿ ಆಸ್ಪತ್ರೆಗಳಲ್ಲಿ ದುಡಿಯುವವರೂ ಉಂಟು. ಆದ್ದರಿಂದ ಪಠ್ಯಪುಸ್ತಕ ಹೇಳದೇ ಉಳಿದ ಕೆನಡಾದ ಒಂದು ಅಧ್ಯಾಯವನ್ನು ಇಲ್ಲಿ ಬರೆಯಬೇಕೆನಿಸಿತು. ಅದು ಸರ್ಕಾರಗಳು ತಮ್ಮ ದಾದಿಯರನ್ನು ತಾವೇ ಮನೆಗೆ ಕಳುಹಿಸಿ, ಕೆಲವೇ ವರ್ಷಗಳಲ್ಲಿ ಅವರನ್ನು ಹುಡುಕಿಕೊಂಡು ಹೊರಟ ಕಥೆ. ಹಣ ಉಳಿಸಲೆಂದು ಆರಂಭವಾದ ಈ ಕಾರ್ಯ ಕೊನೆಗೆ ಮನುಷ್ಯರ ಪ್ರಾಣದ ಪ್ರಶ್ನೆಯಾಯಿತು.

ಎಲ್ಲರಿಗೂ ಆರೋಗ್ಯ ಎಂಬ ವ್ಯವಸ್ಥೆ

ಮೊದಲು ಹಿನ್ನೆಲೆ. ಕೆನಡಾದಲ್ಲಿ ಆರೋಗ್ಯ ಸೇವೆ ಪ್ರಾಂತಗಳ ಹೊಣೆ. ಸಸ್ಕಾಚೆವಾನ್ ಎಂಬ ಗೋಧಿ ಬೆಳೆಯುವ ಪ್ರಾಂತದ ಮುಖ್ಯಸ್ಥರಾಗಿದ್ದ ಟಾಮಿ ಡಗ್ಲಸ್ ಅವರು 1947ರಲ್ಲಿ ಸರ್ಕಾರಿ ಆಸ್ಪತ್ರೆ ವಿಮೆಯನ್ನು ಜಾರಿಗೆ ತಂದರು. ಅದೇ ಪ್ರಾಂತದಲ್ಲಿ 1962ರ ಜುಲೈ 1ರಂದು ವೈದ್ಯರ ಚಿಕಿತ್ಸೆಗೂ ವಿಮೆ ವಿಸ್ತರಿಸಿದಾಗ ವೈದ್ಯರು 23 ದಿನ ಮುಷ್ಕರ ಹೂಡಿದರು; ಆದರೂ ವ್ಯವಸ್ಥೆ ಉಳಿಯಿತು, ಮುಂದೆ ದೇಶಕ್ಕೆಲ್ಲ ಹರಡಿತು. 1984ರ ಕೆನಡಾ ಆರೋಗ್ಯ ಕಾಯಿದೆ ಅದಕ್ಕೆ ಗಟ್ಟಿಯಾದ ಚೌಕಟ್ಟನ್ನು ಕೊಟ್ಟಿತು. ಆಸ್ಪತ್ರೆಗೆ ಹೋದ ಬಡವನೂ ಬಲ್ಲಿದನೂ ಬಿಲ್ಲು ಕಟ್ಟದೆ ಮನೆಗೆ ಬರಬಹುದು ಎಂಬುದು ಆ ದೇಶದವರು ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು.

ಇದಕ್ಕೆ ಬೇಕಾದ ಹಣದ ಒಂದು ಪಾಲು ಕೇಂದ್ರದಿಂದ ಪ್ರಾಂತಗಳಿಗೆ ಬರುತ್ತಿತ್ತು. ತೊಂಬತ್ತರ ದಶಕದ ಆರಂಭದಲ್ಲಿ ಕೇಂದ್ರದ ಸಾಲದ ಹೊರೆ ಬೆಟ್ಟದಂತೆ ಬೆಳೆದಿತ್ತು. 1995ರ ಮುಂಗಡಪತ್ರದಲ್ಲಿ ಹಣಕಾಸು ಸಚಿವ ಪಾಲ್ ಮಾರ್ಟಿನ್ ಅವರು ಪ್ರಾಂತಗಳಿಗೆ ಕೊಡುವ ಅನುದಾನವನ್ನು ಕಡಿತಗೊಳಿಸಿದರು. ಪ್ರಾಂತಗಳು ಆ ಪೆಟ್ಟನ್ನು ಆಸ್ಪತ್ರೆಗಳಿಗೆ ವರ್ಗಾಯಿಸಿದವು. ಆಸ್ಪತ್ರೆಯ ಖರ್ಚಿನಲ್ಲಿ ದೊಡ್ಡ ಪಾಲು ಸಂಬಳ. ಸಂಬಳ ಪಡೆಯುವವರಲ್ಲಿ ದೊಡ್ಡ ಗುಂಪು ದಾದಿಯರದು. ಮೇಲಿನಿಂದ ಬಿದ್ದ ಕಲ್ಲು ಕೊನೆಗೆ ಯಾರ ತಲೆಯ ಮೇಲೆ ನಿಂತಿತೆಂದು ಬೇರೆ ಹೇಳಬೇಕಾಗಿಲ್ಲ.

ಮೂರು ಪ್ರಾಂತಗಳು, ಮೂರು ದಾರಿಗಳು

ಆಲ್ಬರ್ಟಾ ಪ್ರಾಂತ ಕೇಂದ್ರದ ಕಡಿತಕ್ಕೂ ಮೊದಲೇ ಹೊರಟಿತ್ತು. 1992ರ ಕೊನೆಯಲ್ಲಿ ಅಧಿಕಾರಕ್ಕೆ ಬಂದ ರಾಲ್ಫ್ ಕ್ಲೈನ್ ಅವರು ಕೊರತೆಯಿಲ್ಲದ ಮುಂಗಡಪತ್ರ ಮಂಡಿಸುವೆನೆಂದು ಪಣ ತೊಟ್ಟರು. ಸಾರ್ವಜನಿಕ ನೌಕರರ ಸಂಬಳ ಶೇಕಡಾ 5ರಷ್ಟು ಇಳಿಯಿತು, ಆಸ್ಪತ್ರೆಗಳು ಮುಚ್ಚಿದವು. ಕ್ಯಾಲ್ಗರಿ ನಗರದ ಜನರಲ್ ಆಸ್ಪತ್ರೆಯ ಕಟ್ಟಡವನ್ನು 1998ರ ಅಕ್ಟೋಬರ್ 4ರಂದು ಸಿಡಿಮದ್ದು ಇಟ್ಟು ಕೆಡವಿದರು. ಜನ ನಿಂತು ನೋಡಿದರು. ಅಲ್ಲಿಯೇ ಹುಟ್ಟಿದವರು, ಅಲ್ಲಿಯೇ ದಾದಿತನ ಕಲಿತವರು ಆ ಜನರಲ್ಲಿ ಇದ್ದಿರಲೇಬೇಕು. ಅಂದು ನೆಲಸಮವಾದ ಆಸ್ಪತ್ರೆಯ ಅಭಾವವನ್ನು ವೇಗವಾಗಿ ಬೆಳೆದ ಆ ನಗರ ಬಹುಕಾಲ ಅನುಭವಿಸಿತು.

ಕ್ವಿಬೆಕ್ ಪ್ರಾಂತ ಮೃದುವಾದ ದಾರಿ ಹಿಡಿಯಿತು. ಲೂಸಿಯೆನ್ ಬುಷಾರ್ ಅವರ ಸರ್ಕಾರ 1997ರಲ್ಲಿ ಅವಧಿಪೂರ್ವ ನಿವೃತ್ತಿಯ ಯೋಜನೆಯೊಂದನ್ನು ಮುಂದಿಟ್ಟಿತು. ಯಾರನ್ನೂ ಬಲವಂತವಾಗಿ ಹೊರಹಾಕಲಿಲ್ಲ. ಆದರೆ ಸೌಲಭ್ಯ ಆಕರ್ಷಕವಾಗಿದ್ದುದರಿಂದ ಸರ್ಕಾರ ಎಣಿಸಿದ್ದಕ್ಕಿಂತ ಬಹಳ ಹೆಚ್ಚು ಮಂದಿ ಹೊರಟುಹೋದರು. ಅವರಲ್ಲಿ ಸುಮಾರು 4,000 ದಾದಿಯರು, ಸುಮಾರು 1,500 ವೈದ್ಯರು. ಹೊರಟವರೆಲ್ಲ ಹಿರಿಯರು. ವಾರ್ಡಿನಲ್ಲಿ ಹೊಸಬರಿಗೆ ಕೈಹಿಡಿದು ಕಲಿಸುತ್ತಿದ್ದವರು ಒಂದೇ ಬೇಸಿಗೆಯಲ್ಲಿ ಕಣ್ಮರೆಯಾದರು. ಎರಡೇ ವರ್ಷಗಳಲ್ಲಿ ಅದರ ಫಲ ಗೋಚರಿಸಿತು. 1999ರ ಜೂನ್ ಕೊನೆಯಲ್ಲಿ ಕ್ವಿಬೆಕ್‌ನ ಸುಮಾರು 47,500 ದಾದಿಯರು ಕಾನೂನನ್ನೂ ಲೆಕ್ಕಿಸದೆ ಮುಷ್ಕರ ಹೂಡಿದರು. ಸಂಬಳದ ಬೇಡಿಕೆಯ ಜೊತೆಗೆ ಅವರು ಹೇಳುತ್ತಿದ್ದ ಮಾತು ಒಂದೇ: ಈ ಕೆಲಸದ ಹೊರೆಯನ್ನು ಹೊರುವುದು ಇಷ್ಟು ಜನರಿಂದ ಸಾಧ್ಯವಿಲ್ಲ.

ಒಂಟಾರಿಯೊ ಪ್ರಾಂತದ ಕಥೆ ಹೆಚ್ಚು ಪ್ರಸಿದ್ಧವಾದುದು. 1995ರಲ್ಲಿ ಮೈಕ್ ಹ್ಯಾರಿಸ್ ಅವರ ಸರ್ಕಾರ ತೆರಿಗೆ ಇಳಿಸುವ, ಖರ್ಚು ತಗ್ಗಿಸುವ ಭರವಸೆಯೊಂದಿಗೆ ಬಂದಿತು. ಆಸ್ಪತ್ರೆಗಳ ಅನುದಾನ ಕುಗ್ಗಿತು. ಡಂಕನ್ ಸಿಂಕ್ಲೇರ್ ಅವರ ಅಧ್ಯಕ್ಷತೆಯಲ್ಲಿ 1996ರಲ್ಲಿ ನೇಮಕವಾದ ಪುನಾರಚನಾ ಆಯೋಗವು ಊರೂರಿಗೆ ಹೋಗಿ ಯಾವ ಆಸ್ಪತ್ರೆ ಉಳಿಯಬೇಕು, ಯಾವುದು ಮುಚ್ಚಬೇಕು, ಯಾವುದು ಇನ್ನೊಂದರಲ್ಲಿ ಸೇರಬೇಕು ಎಂದು ತೀರ್ಪು ಕೊಟ್ಟಿತು. ಟೊರಾಂಟೊದ ಹಳೆಯ ವೆಲ್ಲೆಸ್ಲಿ ಆಸ್ಪತ್ರೆ 1998ರಲ್ಲಿ ಮುಚ್ಚಿತು. ಒಟ್ಟಾವಾದ ಫ್ರೆಂಚ್ ಭಾಷಿಕರ ಮೊಂಫೋರ್ ಆಸ್ಪತ್ರೆ ಮಾತ್ರ ಬೀದಿಯಲ್ಲಿಯೂ ನ್ಯಾಯಾಲಯದಲ್ಲಿಯೂ ಹೋರಾಡಿ 2001ರಲ್ಲಿ ಬದುಕಿಕೊಂಡಿತು. ಇದರ ನಡುವೆ ಸಾವಿರಾರು ದಾದಿಯರು ಕೆಲಸ ಕಳೆದುಕೊಂಡರು. ಅವರ ಗತಿ ಏನೆಂದು 1997ರಲ್ಲಿ ಪತ್ರಕರ್ತರು ಕೇಳಿದಾಗ, ಹ್ಯಾರಿಸ್ ಅವರು ಹೂಲಾ ಹೂಪ್ ಎಂಬ ಆಟದ ಬಳೆಯ ಉದಾಹರಣೆ ಕೊಟ್ಟರು. ಆ ಬಳೆಯ ಹುಚ್ಚು ಇಳಿದ ಮೇಲೆ ಅದನ್ನು ಮಾಡುತ್ತಿದ್ದ ಕಾರ್ಖಾನೆಯ ಕಾರ್ಮಿಕರು ಬೇರೆ ಕೆಲಸ ನೋಡಿಕೊಂಡ ಹಾಗೆಯೇ ಇದೂ ಎಂಬುದು ಆ ಮಾತಿನ ತಾತ್ಪರ್ಯ. ಆ ಹೋಲಿಕೆಯನ್ನು ಒಂಟಾರಿಯೊದ ದಾದಿಯರು ಇಂದಿಗೂ ಮರೆತಿಲ್ಲ.

ಲೆಕ್ಕ ತಪ್ಪಿದ್ದು ಎಲ್ಲಿ?

ಆಡಳಿತಗಾರರ ವಾದದಲ್ಲಿ ಹುರುಳೇ ಇರಲಿಲ್ಲವೆಂದು ಹೇಳಿದರೆ ಅನ್ಯಾಯವಾಗುತ್ತದೆ. ವೈದ್ಯವಿಜ್ಞಾನ ಬದಲಾಗಿತ್ತು. ಮೊದಲು ವಾರಗಟ್ಟಲೆ ಮಲಗಬೇಕಾಗಿದ್ದ ಶಸ್ತ್ರಚಿಕಿತ್ಸೆಗೆ ಈಗ ಒಂದೆರಡು ದಿನ ಸಾಕಾಗಿತ್ತು. ಎಷ್ಟೋ ಚಿಕಿತ್ಸೆಗಳಲ್ಲಿ ರೋಗಿ ಬೆಳಿಗ್ಗೆ ಬಂದು ಸಂಜೆ ಹಿಂದಿರುಗುತ್ತಿದ್ದ. ಹಾಸಿಗೆಗಳು ಕಡಿಮೆ ಸಾಕು ಎಂಬುದು ನಿಜವೇ. ಆದರೆ ಹಾಸಿಗೆ ಕಡಿಮೆಯಾದಷ್ಟೂ ದಾದಿಯರೂ ಕಡಿಮೆ ಸಾಕು ಎಂಬ ತ್ರೈರಾಶಿ ಇಲ್ಲಿ ನಡೆಯುವುದಿಲ್ಲ. ಗುಣಮುಖರಾಗುತ್ತ ಸುಮ್ಮನೆ ಮಲಗಿರುತ್ತಿದ್ದ ರೋಗಿಗಳು ಬೇಗ ಮನೆಗೆ ಹೋದರು; ವಾರ್ಡಿನಲ್ಲಿ ಉಳಿದವರು ತೀವ್ರವಾಗಿ ಕಾಯಿಲೆಯಾದವರು ಮಾತ್ರ. ಹಾಸಿಗೆ ಕಡಿಮೆಯಾದರೂ ಪ್ರತಿಯೊಂದು ಹಾಸಿಗೆ ಬೇಡುವ ಆರೈಕೆ ಹೆಚ್ಚಾಯಿತು.

ಇನ್ನೊಂದು ಸರಳ ಲೆಕ್ಕ. ವಾರಕ್ಕೆ 168 ಗಂಟೆಗಳು. ಒಬ್ಬ ದಾದಿ ವಾರಕ್ಕೆ 37.5 ಗಂಟೆ ದುಡಿದರೆ, ಒಂದು ಸ್ಥಾನದಲ್ಲಿ ಹಗಲಿರುಳು ಒಬ್ಬರು ಇರಬೇಕಾದರೆ ನಾಲ್ಕೂವರೆ ಮಂದಿ ಬೇಕು. ರಜೆ, ಅನಾರೋಗ್ಯ, ತರಬೇತಿ ಸೇರಿಸಿದರೆ ಐದಕ್ಕೂ ಹೆಚ್ಚು. ಕಾಗದದ ಮೇಲೆ ಐದು ಹುದ್ದೆ ಕಾಣುವಾಗ ಒಂದೆರಡನ್ನು ತೆಗೆದರೆ ಏನಾಯಿತು ಎನಿಸಬಹುದು. ತೆಗೆದದ್ದು ರಾತ್ರಿ ಪಾಳಿಯಲ್ಲಿ ಹಾಸಿಗೆಯ ಪಕ್ಕ ನಿಲ್ಲುವ ಆ ಒಬ್ಬಳನ್ನೇ.

ಇದರಿಂದ ಏನಾಗುತ್ತದೆ ಎಂಬುದನ್ನು ಅಮೆರಿಕದ ವಿದ್ವಾಂಸೆ ಲಿಂಡಾ ಐಕನ್ ಮತ್ತು ಅವರ ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ದಾಖಲೆಗಳನ್ನು ಪರಿಶೀಲಿಸಿದಾಗ, ಒಬ್ಬ ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ಶಸ್ತ್ರಚಿಕಿತ್ಸೆಗೆ ಬಂದವರು 30 ದಿನಗಳೊಳಗೆ ಸಾಯುವ ಸಂಭವ ಶೇಕಡಾ 7ರಷ್ಟು ಏರುವುದು ಕಂಡುಬಂದಿತು. ಜ್ವರ ಏರುತ್ತಿರುವುದನ್ನು, ಉಸಿರು ಬದಲಾದುದನ್ನು, ಗಾಯದಿಂದ ರಕ್ತ ಒಸರುತ್ತಿರುವುದನ್ನು ಮೊದಲು ಕಾಣುವವರು ದಾದಿಯರು. ಎಂಟು ರೋಗಿಗಳ ನಡುವೆ ಓಡಾಡುವವಳಿಗೆ ಒಂಬತ್ತನೆಯವನ ಮುಖ ನೋಡಲು ಪುರುಸೊತ್ತೆಲ್ಲಿಂದ ಬರಬೇಕು?

ಹೋದವರು ಎಲ್ಲಿಗೆ ಹೋದರು?

ದಾದಿಯರ ಸಂಘಟನೆಗಳ ಒಪ್ಪಂದಗಳಲ್ಲಿ ಸೇವಾಹಿರಿತನಕ್ಕೆ ಮೊದಲ ಮನ್ನಣೆ. ಒಂದು ವಾರ್ಡು ಮುಚ್ಚಿದರೆ ಅಲ್ಲಿಯ ಹಿರಿಯ ದಾದಿ ಇನ್ನೊಂದು ವಾರ್ಡಿಗೆ ಹೋಗಿ ಕಿರಿಯಳನ್ನು ಸ್ಥಾನಪಲ್ಲಟಗೊಳಿಸಬಹುದು. ಆ ಕಿರಿಯಳು ತನಗಿಂತ ಕಿರಿಯಳನ್ನು. ನ್ಯಾಯಕ್ಕಾಗಿ ಮಾಡಿದ ನಿಯಮವೇ ಇದು. ಆದರೆ ಸಾವಿರಾರು ಹುದ್ದೆಗಳು ಏಕಕಾಲಕ್ಕೆ ಹೋದಾಗ ಹೆರಿಗೆ ವಾರ್ಡಿನಲ್ಲಿ ಪಳಗಿದವರು ಹೃದ್ರೋಗದ ವಾರ್ಡಿನಲ್ಲಿ ನಿಲ್ಲುವಂತಾಯಿತು, ಹೊಸದಾಗಿ ಕಲಿತು ಬಂದವರು ಬಾಗಿಲಿನಿಂದಲೇ ಹಿಂದಿರುಗಿದರು. ಅವರಿಗಾಗಿ ಅಮೆರಿಕದ ಆಸ್ಪತ್ರೆಗಳು ಕಾದಿದ್ದವು. 1994ರಲ್ಲಿ ಜಾರಿಗೆ ಬಂದ ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದದಡಿ ಕೆನಡಾದ ದಾದಿಯರಿಗೆ ಅಲ್ಲಿ ಕೆಲಸದ ಅನುಮತಿ ಸುಲಭವಾಗಿ ಸಿಗುತ್ತಿತ್ತು. ಟೆಕ್ಸಸ್, ಫ್ಲಾರಿಡಾ, ಉತ್ತರ ಕ್ಯಾರೊಲಿನಾ ರಾಜ್ಯಗಳಿಗೆ ಹೋದವರು ಅನೇಕರು. ಒಂಟಾರಿಯೊದ ವಿಂಡ್ಸರ್ ಪಟ್ಟಣದವರಂತೂ ಮನೆಯನ್ನೇ ಬಿಡಬೇಕಾಗಿರಲಿಲ್ಲ. ನದಿಯ ಆಚೆಯ ದಡದಲ್ಲಿ ಡೆಟ್ರಾಯಿಟ್ ನಗರ. ಬೆಳಿಗ್ಗೆ ಸೇತುವೆ ದಾಟಿ ಹೋಗಿ ಅಮೆರಿಕದ ರೋಗಿಗಳನ್ನು ನೋಡಿಕೊಂಡು ರಾತ್ರಿ ಕೆನಡಾಕ್ಕೆ ಮರಳುತ್ತಿದ್ದರು. ತನ್ನ ತೆರಿಗೆಯ ಹಣದಲ್ಲಿ ಓದಿಸಿದ ಮಕ್ಕಳನ್ನು ಒಂಟಾರಿಯೊ ನೆರೆಯವರಿಗೆ ದಾನ ಮಾಡಿದಂತಾಯಿತು.

ಹೊಸ ಶತಮಾನ ಬರುವ ಮುನ್ನವೇ ಗಾಳಿ ತಿರುಗಿತು. 1999ರ ಜನವರಿಯಲ್ಲಿ ಒಂಟಾರಿಯೊ ಸರ್ಕಾರವೇ ನೇಮಿಸಿದ ಕಾರ್ಯಪಡೆ ದಾದಿಯರ ಕೊರತೆಯ ಬಗ್ಗೆ ವರದಿ ಕೊಟ್ಟಿತು. ಅದೇ ಹ್ಯಾರಿಸ್ ಸರ್ಕಾರ 12,000 ದಾದಿಯರ ಹುದ್ದೆಗಳನ್ನು ಸೃಷ್ಟಿಸುವ ಭರವಸೆ ನೀಡಿತು. ಬಿಡುಗಡೆಗೊಳಿಸುವಾಗ ಪರಿಹಾರಧನ ಕೊಟ್ಟದ್ದಾಯಿತು. ಈಗ ಮರಳಿ ಕರೆಯಲು, ತರಬೇತಿ ಕೊಡಲು ಮತ್ತೆ ಹಣ. ಹಿಂಡಿ ಉಳಿಸಿದ್ದನ್ನು ಹರವಿ ಚೆಲ್ಲಿದಂತೆ. ಅಷ್ಟಾದರೂ ಕರೆದವರೆಲ್ಲ ಬರಲಿಲ್ಲ. ಕೆಲವರು ಅಮೆರಿಕದಲ್ಲಿ ಮನೆ ಮಾಡಿದ್ದರು, ಕೆಲವರು ಬೇರೆ ವೃತ್ತಿ ಹಿಡಿದಿದ್ದರು, ಕೆಲವು ವರ್ಷ ಕೆಲಸದಿಂದ ದೂರವಿದ್ದವರ ನೋಂದಣಿಯೇ ಕಳೆದುಹೋಗಿತ್ತು. ಇನ್ನು ಕೆಲವರಿಗೆ ಮನಸ್ಸು ಮುರಿದಿತ್ತು. ಅದನ್ನು ಯಾವ ಯೋಜನೆಯೂ ಸರಿಪಡಿಸಲಾರದು.

2003: ಪರೀಕ್ಷೆಯ ವರ್ಷ

ಮರಳಿ ಸೇರಿಸಿಕೊಂಡ ರೀತಿಯಲ್ಲಿಯೂ ಒಂದು ದೋಷವಿತ್ತು. ಆಸ್ಪತ್ರೆಗಳು ಪೂರ್ಣಾವಧಿಯ ಹುದ್ದೆ ಕೊಡುವ ಬದಲು ಬೇಕಾದಾಗ ಕರೆಯುವ, ಅರೆಕಾಲಿಕ ಹುದ್ದೆಗಳನ್ನೇ ಹೆಚ್ಚಾಗಿ ಕೊಟ್ಟವು. ತೊಂಬತ್ತರ ದಶಕದ ಕೊನೆಯ ವೇಳೆಗೆ ಒಂಟಾರಿಯೊದ ದಾದಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ ಪೂರ್ಣಾವಧಿ ಕೆಲಸವಿತ್ತು. ಉಳಿದವರು ಹೊಟ್ಟೆಪಾಡಿಗಾಗಿ ಎರಡು, ಮೂರು ಆಸ್ಪತ್ರೆಗಳಲ್ಲಿ ಪಾಳಿ ಮಾಡುತ್ತಿದ್ದರು.

2003ರ ಫೆಬ್ರವರಿಯಲ್ಲಿ ಹಾಂಗ್‌ಕಾಂಗಿನಿಂದ ಟೊರಾಂಟೊಗೆ ಹಿಂದಿರುಗಿದ ವೃದ್ಧೆಯೊಬ್ಬರು ಸಾರ್ಸ್ ಸೋಂಕನ್ನು ಹೊತ್ತು ತಂದಿದ್ದರು. ಅವರು ಮನೆಯಲ್ಲಿ ತೀರಿಕೊಂಡರು. ಅವರ ಮಗ ಮಾರ್ಚ್ 7ರಂದು ಸ್ಕಾರ್‌ಬರೊ ಗ್ರೇಸ್ ಆಸ್ಪತ್ರೆಗೆ ಬಂದು, ಕಿಕ್ಕಿರಿದ ತುರ್ತು ವಿಭಾಗದಲ್ಲಿ ಇತರ ರೋಗಿಗಳ ನಡುವೆ ಗಂಟೆಗಟ್ಟಲೆ ಮಲಗಿದ್ದರು. ಅಲ್ಲಿಂದ ಸೋಂಕು ಹರಡಿತು. ಮಾರ್ಚ್ 26ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಆಗ ಆಡಳಿತಕ್ಕೆ ಎದುರಾದ ಕಠಿಣ ಪ್ರಶ್ನೆಗಳಲ್ಲಿ ಒಂದು, ಆಸ್ಪತ್ರೆಯಿಂದ ಆಸ್ಪತ್ರೆಗೆ ಪಾಳಿಗಾಗಿ ಓಡಾಡುವ ಸಿಬ್ಬಂದಿಯನ್ನು ಏನು ಮಾಡುವುದು ಎಂಬುದು. ಸೋಂಕು ಅವರ ಜೊತೆಯಲ್ಲಿಯೇ ಸಂಚರಿಸಬಹುದಾಗಿತ್ತು. ಒಂದೇ ಕಡೆ ದುಡಿಯಿರಿ ಎಂದರೆ ಅವರ ಸಂಪಾದನೆ ಕುಸಿಯುತ್ತಿತ್ತು, ಇನ್ನೊಂದು ಆಸ್ಪತ್ರೆಯ ಪಾಳಿ ಖಾಲಿ ಬೀಳುತ್ತಿತ್ತು. ಹಣ ಉಳಿಸಲು ಮಾಡಿದ ಏರ್ಪಾಡು ಸಾಂಕ್ರಾಮಿಕ ರೋಗಕ್ಕೆ ದಾರಿಯಾಗುವ ಅಪಾಯ ಎಲ್ಲರ ಕಣ್ಣಿಗೂ ಬಿದ್ದಿತು.

ಮೇ ತಿಂಗಳಲ್ಲಿ ರೋಗ ಅಡಗಿತೆಂದು ಎಲ್ಲರೂ ಭಾವಿಸಿ ಮುನ್ನೆಚ್ಚರಿಕೆಗಳನ್ನು ಸಡಿಲಿಸಿದರು. ನಾರ್ತ್ ಯಾರ್ಕ್ ಜನರಲ್ ಆಸ್ಪತ್ರೆಯ ದಾದಿಯರು ಮಾತ್ರ, ತಮ್ಮ ವಾರ್ಡುಗಳಲ್ಲಿ ಅದೇ ಬಗೆಯ ಲಕ್ಷಣಗಳು ಕಾಣುತ್ತಿವೆ ಎಂದು ಎಚ್ಚರಿಸಿದರು. ಅವರ ಮಾತಿಗೆ ಬೆಲೆ ಸಿಗಲಿಲ್ಲ. ಎರಡನೆಯ ಅಲೆ ಬಂದೇ ಬಂದಿತು. ಒಟ್ಟು 44 ಮಂದಿ ಸತ್ತರು. ಸೋಂಕಿತರಲ್ಲಿ ನೂರಕ್ಕೂ ಹೆಚ್ಚು ಮಂದಿ ಆರೋಗ್ಯ ಸೇವೆಯವರೇ. ಇಬ್ಬರು ದಾದಿಯರು, ಒಬ್ಬ ವೈದ್ಯರು ಪ್ರಾಣ ತೆತ್ತರು. ಆ ದಾದಿಯರಲ್ಲಿ ಒಬ್ಬರು ಫಿಲಿಪೀನ್ಸ್ ಮೂಲದವರು. ಇನ್ನೊಬ್ಬರು ಸಾರ್ಸ್ ರೋಗಿಗಳ ಆರೈಕೆಗೆ ತಾವಾಗಿಯೇ ಮುಂದೆ ಬಂದವರು. ನ್ಯಾಯಮೂರ್ತಿ ಆರ್ಚಿ ಕ್ಯಾಂಪ್‌ಬೆಲ್ ಅವರ ವಿಚಾರಣಾ ಆಯೋಗ 2007ರ ಜನವರಿಯಲ್ಲಿ ಬಿಡುಗಡೆಯಾದ ವರದಿಯಲ್ಲಿ, ವೈಜ್ಞಾನಿಕ ಖಚಿತತೆ ದೊರೆಯುವವರೆಗೆ ಕಾಯದೆ ಸಿಬ್ಬಂದಿಯ ರಕ್ಷಣೆಗೆ ಕ್ರಮ ಕೈಗೊಳ್ಳಬೇಕೆಂಬ ಮುನ್ನೆಚ್ಚರಿಕೆಯ ತತ್ತ್ವವನ್ನು ಒತ್ತಿ ಹೇಳಿತು. ದಾದಿಯರ ಎಚ್ಚರಿಕೆಯನ್ನು ಕೇಳಿಸಿಕೊಳ್ಳದಿದ್ದುದನ್ನೂ ಅದು ದಾಖಲಿಸಿತು.

ಕಲಿತದ್ದು, ಮರೆತದ್ದು

ಆ ಬಳಿಕ ಕೆಲವು ಒಳ್ಳೆಯ ಕೆಲಸಗಳು ನಡೆದವು. 2003ರ ಕೊನೆಯಲ್ಲಿ ಬಂದ ಹೊಸ ಸರ್ಕಾರ, ಶೇಕಡಾ 70ರಷ್ಟು ದಾದಿಯರಿಗೆ ಪೂರ್ಣಾವಧಿ ಕೆಲಸ ದೊರೆಯಬೇಕೆಂಬ ಗುರಿಯನ್ನು ಒಪ್ಪಿಕೊಂಡಿತು. 2007ರಲ್ಲಿ ಹೊಸ ಪದವೀಧರರಿಗೆ ಆರಂಭದಲ್ಲಿಯೇ ಪೂರ್ಣಾವಧಿ ಅವಕಾಶ ಕಲ್ಪಿಸುವ ಯೋಜನೆ ಬಂದಿತು. ಮಕ್ಕಳು ನೆರೆದೇಶಕ್ಕೆ ಓಡುವುದು ಕಡಿಮೆಯಾಯಿತು.

ಆದರೆ ಸರ್ಕಾರಗಳ ನೆನಪು ಬಹಳ ಕಾಲ ಉಳಿಯುವಂಥದಲ್ಲ. 2019ರಲ್ಲಿ ಒಂಟಾರಿಯೊ ಕಾನೂನೊಂದನ್ನು ಮಾಡಿ ದಾದಿಯರೂ ಸೇರಿದಂತೆ ಸಾರ್ವಜನಿಕ ನೌಕರರ ಸಂಬಳದ ಏರಿಕೆಯನ್ನು ಮೂರು ವರ್ಷಗಳ ಕಾಲ ವರ್ಷಕ್ಕೆ ಶೇಕಡಾ 1ಕ್ಕೆ ಕಟ್ಟಿಹಾಕಿತು. ಮರುವರ್ಷವೇ ಕೋವಿಡ್ ಬಂದಿತು. ವೃದ್ಧರ ಆರೈಕೆ ಗೃಹಗಳಲ್ಲಿ ಸಿಬ್ಬಂದಿ ಎರಡು ಮೂರು ಕಡೆ ದುಡಿಯುತ್ತಿದ್ದ ಹಳೆಯ ರೋಗ ಮತ್ತೆ ಬಯಲಾಯಿತು. 2020ರ ಏಪ್ರಿಲ್‌ನಲ್ಲಿ ಒಬ್ಬರು ಒಂದೇ ಗೃಹದಲ್ಲಿ ಕೆಲಸ ಮಾಡಬೇಕೆಂದು ಆದೇಶ ಹೊರಬಿತ್ತು. ಒಂಟಾರಿಯೊ, ಕ್ವಿಬೆಕ್‌ಗಳ ಆರೈಕೆ ಗೃಹಗಳಿಗೆ ಸೇನೆಯನ್ನೇ ಕರೆಸಬೇಕಾಯಿತು. ದಣಿದ ದಾದಿಯರು ಸರ್ಕಾರಿ ಹುದ್ದೆ ಬಿಟ್ಟು ಖಾಸಗಿ ಏಜೆನ್ಸಿಗಳನ್ನು ಸೇರಿದರು. ಆಸ್ಪತ್ರೆಗಳು ಆ ಏಜೆನ್ಸಿಗಳಿಗೆ ದುಬಾರಿ ದರ ತೆತ್ತು ಅಂಥವರನ್ನೇ ಮರಳಿ ತಂದವು. ಬೆಣ್ಣೆ ಮಾರಿ ಸುಣ್ಣ ಕೊಂಡಂತೆ. 2022ರಲ್ಲಿ ಒಂಟಾರಿಯೊ ದಾದಿಯರನ್ನು ಉಳಿಸಿಕೊಳ್ಳಲು ತಲಾ 5,000 ಡಾಲರ್‌ವರೆಗೆ ಕೊಡಲು ಮುಂದಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ನ್ಯಾಯಾಲಯ ಆ ಸಂಬಳದ ಕಾನೂನನ್ನು ಅಸಿಂಧುವೆಂದು ಸಾರಿತು. 2024ರ ಫೆಬ್ರವರಿಯಲ್ಲಿ ಮೇಲ್ಮನವಿಯಲ್ಲಿಯೂ ಸರ್ಕಾರ ಸೋತು ಅದನ್ನು ಹಿಂತೆಗೆದುಕೊಂಡಿತು.

ಕ್ವಿಬೆಕ್‌ನಲ್ಲಿ ಪಾಳಿ ಮುಗಿದರೂ ಮನೆಗೆ ಬಿಡದೆ ಮುಂದಿನ ಪಾಳಿಗೂ ನಿಲ್ಲಿಸಿಕೊಳ್ಳುವುದು ವಾಡಿಕೆಯೇ ಆಗಿಬಿಟ್ಟಿತ್ತು. 2019ರ ಏಪ್ರಿಲ್ 8ರಂದು ಅಲ್ಲಿಯ ದಾದಿಯರು ಆ ಕಡ್ಡಾಯ ಪಾಳಿಯನ್ನು ಒಂದು ದಿನ ನಿರಾಕರಿಸಿ ಪ್ರತಿಭಟಿಸಿದರು. 2021ರ ಸೆಪ್ಟೆಂಬರ್‌ನಲ್ಲಿ ಸರ್ಕಾರ, ಬಿಟ್ಟುಹೋದವರು ಮರಳಿ ಬಂದರೆ, ಇದ್ದವರು ಪೂರ್ಣಾವಧಿ ದುಡಿದರೆ ಸಾವಿರಾರು ಡಾಲರ್ ಕೊಡುವುದಾಗಿ ಸಾರಿತು. ಆಗ ಬೇಕಾಗಿದ್ದವರು ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ. 1997ರಲ್ಲಿ ಹಣ ಕೊಟ್ಟು ಕಳುಹಿಸಿದ ದಾದಿಯರ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ ಎಂಬುದನ್ನು ನೆನೆದರೆ ಚರಿತ್ರೆಯ ವ್ಯಂಗ್ಯ ಅರ್ಥವಾಗುತ್ತದೆ. 2023ರಲ್ಲಿ ಏಜೆನ್ಸಿಗಳ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸುವ ಕಾನೂನನ್ನೂ ಕ್ವಿಬೆಕ್ ಮಾಡಿತು. ಅದೇ ವರ್ಷ ಪಶ್ಚಿಮ ತೀರದ ಬ್ರಿಟಿಷ್ ಕೊಲಂಬಿಯಾ ಪ್ರಾಂತವು ಇಷ್ಟು ರೋಗಿಗಳಿಗೆ ಇಷ್ಟು ದಾದಿಯರು ಇರಲೇಬೇಕೆಂಬ ಪ್ರಮಾಣವನ್ನು ಕೆನಡಾದಲ್ಲಿ ಮೊದಲ ಬಾರಿಗೆ ಒಪ್ಪಿಕೊಂಡಿತು. ಇಡೀ ಕಥೆಯಲ್ಲಿ ನನಗೆ ಹೆಚ್ಚು ಭರವಸೆ ಹುಟ್ಟಿಸಿದ ಸಂಗತಿ ಇದು.

ನಮಗೆ ಇದರಿಂದ ಏನು?

ಕೊರತೆ ಬಿದ್ದಾಗಲೆಲ್ಲ ಶ್ರೀಮಂತ ದೇಶಗಳು ನೋಡುವುದು ನಮ್ಮತ್ತ. ಕೆನಡಾದಲ್ಲಿ ಹೊರದೇಶಗಳಲ್ಲಿ ಕಲಿತು ಬಂದ ದಾದಿಯರಲ್ಲಿ ಫಿಲಿಪೀನ್ಸಿನವರ ಜೊತೆಗೆ ಭಾರತದವರ ಸಂಖ್ಯೆಯೂ ದೊಡ್ಡದು. ನಮ್ಮ ಬೆಂಗಳೂರು, ಮಂಗಳೂರುಗಳ ನರ್ಸಿಂಗ್ ಕಾಲೇಜುಗಳಲ್ಲಿ ಓದಿದವರೂ ಅವರಲ್ಲಿದ್ದಾರೆ. ಹೋದವರ ಬಗ್ಗೆ ನನಗೆ ಅಭಿಮಾನವೇ ಹೊರತು ಆಕ್ಷೇಪವಿಲ್ಲ. ಆದರೆ ನಮ್ಮ ಮನೆಯ ಸ್ಥಿತಿಯನ್ನೂ ನೋಡಬೇಕಲ್ಲ. 1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಾಗ ನಮ್ಮ ದೇಶದಲ್ಲಿ ಸುಮಾರು 43,000 ಜನರಿಗೆ ಒಬ್ಬ ದಾದಿ ಇದ್ದರು. ಅಲ್ಲಿಂದ ನಾವು ಬಹಳ ದೂರ ಬಂದಿದ್ದೇವೆ, ನಿಜ. ಆದರೂ 2005ರ ಗ್ರಾಮೀಣ ಆರೋಗ್ಯ ಅಭಿಯಾನದ ನಂತರ ಸರ್ಕಾರಿ ಆಸ್ಪತ್ರೆಗಳಿಗೆ ಬಂದ ದಾದಿಯರಲ್ಲಿ ಅನೇಕರು ಗುತ್ತಿಗೆಯವರು. ಪಕ್ಕದಲ್ಲಿ ನಿಂತು ಅದೇ ಕೆಲಸ ಮಾಡುವ ಕಾಯಂ ದಾದಿಗೆ ಇರುವ ಸಂಬಳವಾಗಲಿ, ಭದ್ರತೆಯಾಗಲಿ ಅವರಿಗಿಲ್ಲ. ಶಾಲೆಗಳಲ್ಲಿ ಅತಿಥಿ ಶಿಕ್ಷಕರನ್ನು ನೋಡಿದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬರುವ ಜೂನ್‌ನಲ್ಲಿ ಕೆಲಸವಿದೆಯೋ ಇಲ್ಲವೋ ತಿಳಿಯದವರಿಂದ ಮನಸ್ಸಿಟ್ಟು ಪಾಠ ಮಾಡಿ ಎಂದು ನಿರೀಕ್ಷಿಸುತ್ತೇವೆ. ಅವರಲ್ಲಿ ಬಹುಮಂದಿ ಹಾಗೆಯೇ ಮಾಡುತ್ತಾರೆ. ಅದು ಅವರ ದೊಡ್ಡತನ, ವ್ಯವಸ್ಥೆಯದಲ್ಲ.

ಕೆನಡಾದ ಈ ಮೂವತ್ತು ವರ್ಷಗಳ ಚರಿತ್ರೆ ಹೇಳುವ ಪಾಠ ಕಠಿಣವಾದುದೇನೂ ಅಲ್ಲ. ದಾದಿಯನ್ನು ತಯಾರು ಮಾಡಲು ವರ್ಷಗಳು ಬೇಕು, ಪಳಗಿಸಲು ಇನ್ನೂ ಕೆಲವು ವರ್ಷಗಳು ಬೇಕು. ಮನೆಗೆ ಕಳುಹಿಸಲು ಒಂದು ಕಾಗದ ಸಾಕು. ಆ ಕಾಗದಕ್ಕೆ ಸಹಿ ಹಾಕುವ ಮುನ್ನ, ಐದು ವರ್ಷಗಳ ನಂತರ ಇವಳನ್ನು ಹುಡುಕಲು ಎಷ್ಟು ಹಣ ಬೇಕಾದೀತು ಎಂಬ ಅಂಕಿಯನ್ನೂ ಅದೇ ಪುಟದಲ್ಲಿ ಬರೆಯುವ ನಿಯಮವಿದ್ದಿದ್ದರೆ ಎಷ್ಟೋ ಸಹಿಗಳು ಬೀಳುತ್ತಿರಲಿಲ್ಲ.

ನಿಮ್ಮಲ್ಲಿ ದಾದಿಯ ವೃತ್ತಿಯಲ್ಲಿರುವವರು, ಇಲ್ಲಿರಲಿ, ಹೊರದೇಶದಲ್ಲಿರಲಿ, ನಿಮ್ಮ ವಾರ್ಡಿನಲ್ಲಿ ರಾತ್ರಿ ಪಾಳಿಗೆ ಒಬ್ಬರಿಗೆ ಎಷ್ಟು ರೋಗಿಗಳು ಎಂಬುದನ್ನು ಬಿಡುವಾದಾಗ ನನಗೆ ಬರೆದು ತಿಳಿಸಿ. ಆ ಒಂದು ಅಂಕಿಯಿಂದ ಒಂದು ದೇಶದ ಬಗ್ಗೆ ತಿಳಿಯುವುದು ಬಹಳ ಇದೆ. ಎಲ್ಲರಿಗೂ ಶುಭವಾಗಲಿ.